ಬೀಗ ಹಾಕಿದವನೇ ತೆಗೆಯಬೇಕು

ಜನವರಿ 9

ಬುಗುರಿ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ವರ್ಕ್‌ಶಾಪಿನ ಫೋನು ಯಜಮಾನರ ಮೇಜಿನ ಮೇಲಿದೆ, ಅವರ ಕಿವಿ ಫೋನಿಗಿಂತ ಹತ್ತಿರ ಇದೆ. ನಮ್ಮನೆ ವಿಷಯ ಇಲ್ಲಿ ಯೂನಿಫಾರಂ ಹೊಲಿಯೋ ಹೆಂಗಸರಿಗೆಲ್ಲ ಮಧ್ಯಾಹ್ನದ ಊಟಕ್ಕೆ ನೆಂಚಿಕೊಳ್ಳೋಕೆ ಆಗೋದು ನನಗೆ ಬೇಡ.

ವಿಷಯ ನಮ್ಮ ಚಿನಕುರುಳಿದು. ಮೊನ್ನೆ ಕಟಿಂಗ್ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಬಟ್ಟೆ ಹರಡ್ತಾ ಇದ್ದೆ. ನೋಡಿದರೆ ಪೇಪರಲ್ಲಿ ನನ್ನ ಮಗಳು. ಒಂದು ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಾಳೆ, ಬಾಯಿ ತೆರೆದಿದೆ, ಕತ್ತಿನ ನರ ಎದ್ದಿದೆ. ಕೆಳಗೆ 'ಬಾಡಿಗೆದಾರರ ಸಂಘದ ಪ್ರತಿಭಟನೆ' ಅಂತ ಹಾಕಿದ್ದಾರೆ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಉಸಿರಾಡೋಕೂ ಬಿಡುವಿಲ್ಲ ಅಂತ ನನಗೆ ಹೇಳ್ತಾಳೆ. ಕಾರಿಗೆ ಅಡ್ಡ ನಿಲ್ಲೋಕೆ ಬಿಡುವಿದೆ. ಅವಳಿರೋ ಹಳೇ ಕಟ್ಟಡವನ್ನ ಯಾವುದೋ ಕಂಪನಿ ಕೊಂಡುಕೊಂಡು, ಇರೋರನ್ನೆಲ್ಲ ಎಬ್ಬಿಸಿ ಹೊಸದು ಕಟ್ಟಬೇಕು ಅಂತ ಕೂತಿದೆಯಂತೆ. ಬೇರೆ ಮನೆ ನೋಡ್ಕೋ ಅಂದರೆ, "ಅಮ್ಮ, ಪ್ರಶ್ನೆ ಅದಲ್ಲ" ಅಂತಾಳೆ.

ನಿನ್ನ ಭಾವನೂ ಇದೇ ಮಾತು ಆಡ್ತಿದ್ದರು. ಫ್ಯಾಕ್ಟರಿ ಗೇಟಲ್ಲಿ ಯಾರದೋ ಪರವಾಗಿ ನ್ಯಾಯ ಕೇಳೋಕೆ ಹೋಗಿ ಮ್ಯಾನೇಜರ್ ಮೇಲೆ ಸ್ಟೂಲ್ ಎತ್ತಿದರು. ಕೆಲಸ ಹೋಯ್ತು, ಜೈಲಾಯ್ತು, ಕೊನೆಗೆ ಅವರೂ ಹೋದರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಸುಮ್ಮನೆ ಹೇಳ್ತಾರಾ? ಅವರ ಕಡೆಯ ಕೋಪ ಪೂರ್ತಿ ಇವಳಿಗೆ ಇಳಿದಿದೆ. ನಮ್ಮ ಕಡೆಯವರನ್ನ ನೋಡು, ಅಪ್ಪ ಇರುವೆ ಕಚ್ಚಿದರೂ ಊದಿ ಕಳಿಸ್ತಿದ್ದರು. ನೀನೂ ಅಷ್ಟೇ. ಹತ್ತು ಕೆಲಸ ಬಿಟ್ಟಿರಬಹುದು, ಒಬ್ಬರ ಮೇಲೂ ಕೈ ಎತ್ತಿದವನಲ್ಲ.

ಹೇಗೂ ಈಗ ಕೆಲಸ ಇಲ್ಲದೆ ಕೂತಿದ್ದೀಯ. ಅವಳಿರೋ ಊರಲ್ಲಿ ಕಂಡಲ್ಲೆಲ್ಲ ಲಿಫ್ಟು, ಲಿಫ್ಟ್ ರಿಪೇರಿಯವನಿಗೆ ಕೆಲಸಕ್ಕೇನು ಬರ. ಹೋಗಿ ಅವಳ ಜೊತೆ ಇರು. ಅವಳು ಕೈ ಮೀರಿ ಹೋಗೋ ಮುಂಚೆ ನನಗೆ ತಿಳಿಸು. ನಾನು ಕಳಿಸಿದೆ ಅಂತ ಬಾಯಿ ಬಿಡಬೇಡ. ಇನ್ನೊಂದು ಸಲ ಜೈಲಿನ ಗೇಟಲ್ಲಿ ಊಟದ ಡಬ್ಬಿ ಹಿಡಿದು ನಿಲ್ಲೋ ಶಕ್ತಿ ನನಗಿಲ್ಲ ಕಣೋ.

ಅಕ್ಕ

ಫೆಬ್ರವರಿ 2

ಅಕ್ಕಾ,

ನಿನ್ನ ಗೂಢಚಾರ ವರದಿ ಒಪ್ಪಿಸ್ತಾ ಇದ್ದಾನೆ, ಕನ್ನಡಕ ಹಾಕ್ಕೊ.

ಬಾಗಿಲು ತೆಗೆದವಳೇ ನನ್ನ ಮುಖ ನೋಡಿ, "ಅಮ್ಮ ಕಳಿಸಿದ್ದಾ?" ಅಂದಳು. ಇಲ್ಲ, ಇಲ್ಲಿ ಲಿಫ್ಟ್ ಕಂಪನೀಲಿ ಕೆಲಸ ಸಿಕ್ಕಿದೆ ಅಂದೆ. ಅದು ನಿಜವೂ ಹೌದು. "ಸರಿ ಮಾಮ, ಪಾತ್ರೆ ತೊಳೆಯೋದು ನಿನ್ನ ಪಾಲು" ಅಂದಳು. ಅಲ್ಲಿಗೆ ನಿನ್ನ ಗುಟ್ಟು ಮೂರು ಕಾಸಿಗೆ ಹೋಯ್ತು.

ಕಟ್ಟಡಕ್ಕೆ ಏಳು ಮಹಡಿ, ನಾವಿರೋದು ಐದನೇದು. ಮೆಟ್ಟಿಲಿನ ಕಿಟಕಿಗಳಿಗೆ ಗಾಜಿಲ್ಲ, ಗೋಡೆ ಮುಟ್ಟಿದರೆ ಸುಣ್ಣ ಕೈಗೆ ಬರುತ್ತೆ. ಲಿಫ್ಟ್ ನಿಂತು ಒಂದು ವರ್ಷ. ರಿಪೇರಿ ಮಾಡಿಸದಿದ್ದರೆ ಜನ ಹತ್ತಿ ಇಳಿದು ಸಾಕಾಗಿ ತಾವೇ ಖಾಲಿ ಮಾಡ್ತಾರೆ ಅಂತ ಕಂಪನಿಯವರ ಲೆಕ್ಕ. ನಮ್ಮ ತಲೆ ಮೇಲೆ ಆರನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಕಾಲು ಊದಿದೆ, ನೆಲ ಮುಟ್ಟಿ ಎಷ್ಟು ತಿಂಗಳಾಯ್ತೋ. ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಿಡ್ತಾರೆ, ಕೆಳಗೆ ಹೋಗೋರು ಬ್ರೆಡ್ಡು, ಮಾತ್ರೆ, ಸೋಪು ಹಾಕಿ ಕಳಿಸ್ತಾರೆ.

ಈಗ ನಿನ್ನ ಮಗಳು. ಸಂಘದ ಸಭೆಗೆ ಹೋಗಿದ್ದೆ, ಕೆಳಗಿನ ಮೆಟ್ಟಿಲ ಮೇಲೇ ಕೂತು ಮಾಡ್ತಾರೆ. ಅವಳು ಎದ್ದು ನಿಂತು ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆ ಬಾಗಿಲೆಲ್ಲ ತೆರೆದವು. ಆಮೇಲೆ ಯಾರೋ ಒಬ್ಬರು, ನೀನು ಹೇಳ್ತಿರೋದು ಕಾನೂನಲ್ಲಿ ಹಾಗಿಲ್ಲಮ್ಮ ಅಂದರು. ಇವಳು ಅವರ ಕೈಯಲ್ಲಿದ್ದ ಹಾಳೆ ಇಸ್ಕೊಂಡು ಓದಿದಳು, ತುಟಿ ಕಚ್ಚಿಕೊಂಡಳು, "ಹೌದು, ನಾನು ಹೇಳಿದ್ದು ತಪ್ಪು" ಅಂದಳು. ಎಲ್ಲರೂ ನಕ್ಕರು, ಇವಳೂ ನಕ್ಕಳು. ಮನೆಗೆ ಬಂದು ಉಂಡು ಮಲಗಿದವಳಿಗೆ ತಲೆ ದಿಂಬಿಗೆ ಸೋಕೋ ಮುಂಚೆ ಗೊರಕೆ. ಇವಳ ಕೋಪ ಹಾಲುಕ್ಕಿದ ಹಾಗೆ ಅಕ್ಕ, ಒಲೆ ಆರಿಸಿದರೆ ಇಳಿಯುತ್ತೆ. ನೀನು ನಿಶ್ಚಿಂತೆಯಿಂದಿರು.

ನಿದ್ದೆ ಬರದೇ ಇರೋದು ನನಗೆ. ಮೇಲೆ ಮೋಟಾರ್ ರೂಮಿಗೆ ಹೋಗಿ ನೋಡಿಬಂದೆ. ಮೋಟಾರು ಚೆನ್ನಾಗಿದೆ, ಎರಡು ಮೂರು ಸಾಮಾನು ಬದಲಾಯಿಸಿದರೆ ಓಡುತ್ತೆ. ಓಡೋ ಯಂತ್ರ ಸುಮ್ಮನೆ ನಿಂತಿರೋದು ನೋಡಿದರೆ ನನಗೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಸಭೆಯಲ್ಲಿ ಒಬ್ಬ ಮಾತ್ರ ನನ್ನ ಕೆಲಸ ಏನು ಅಂತ ಕೇಳಿದ. ಮುಂಚೆ ಇನ್ಶೂರೆನ್ಸ್ ಮಾರ್ತಿದ್ದನಂತೆ, ಎಲ್ಲರೂ ಅವನನ್ನ ಇನ್ಶೂರೆನ್ಸ್ ಅಂತಲೇ ಕರೀತಾರೆ. ಕೂಗಲ್ಲ, ಕೊನೇ ಮೆಟ್ಟಿಲಲ್ಲಿ ಕೂತು ಕೇಳ್ತಾನೆ. "ಇಷ್ಟು ಜನ ಮಾತಾಡೋರಿದ್ದಾರೆ, ಕೈ ಇರೋನು ನೀವೊಬ್ಬರೇ" ಅಂದ.

ನಿನ್ನ ಬುಗುರಿ

ಫೆಬ್ರವರಿ 13

ಬುಗುರಿ,

ಮಗಳ ವಿಷಯ ಓದಿ ಹೊಟ್ಟೆಗೆ ತಂಪಾಯ್ತು, ಆದರೆ ಪೂರ್ತಿ ನಂಬಲ್ಲ. ನಿನ್ನ ಭಾವನೂ ಚೆನ್ನಾಗಿ ಗೊರಕೆ ಹೊಡೀತಿದ್ದರು.

ಲಿಫ್ಟಿನ ಗೊಡವೆ ನಿನಗೆ ಬೇಡ. ನಿನ್ನನ್ನ ನಾನು ಕಳಿಸಿದ್ದು ಮನುಷ್ಯಳನ್ನ ಕಾಯೋಕೆ, ಮೋಟಾರನ್ನಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ. ಕೂತ ಕಡೆ ಕೂರಲ್ಲ, ಆದರೆ ಒಂದು ಹಿಡಿದರೆ ಬಿಡಲ್ಲ. ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡೋವಾಗ ನೀರಿನ ತೊಟ್ಟಿ ಹಿಂದೆ ಬಚ್ಚಿಟ್ಟುಕೊಂಡೆ. ಉಳಿದ ಮಕ್ಕಳೆಲ್ಲ ಆಟ ಬಿಟ್ಟು ಮನೆಗೆ ಹೋದರು, ಕತ್ತಲಾಯ್ತು, ಅಮ್ಮ ಅತ್ತು ಕರೆದರು. ನೀನು ಬರಲಿಲ್ಲ. ಕೊನೆಗೆ ನಾನೇ ಹುಡುಕಿ ಎಳೆದು ತಂದರೆ, "ಸಿಕ್ಕಿದ ಅಂತ ಕೂಗದೇ ಬರೋ ಹಾಗಿಲ್ಲ, ಅದು ಆಟದ ನಿಯಮ" ಅಂದೆ. ಅವತ್ತು ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಮಗಳ ಮೇಲೆ ಕಣ್ಣಿಡು. ಅವಳ ಜೊತೆ ಯಾರ್ಯಾರು ಓಡಾಡ್ತಾರೆ ಬರಿ. ಆ ಇನ್ಶೂರೆನ್ಸ್ ಒಳ್ಳೆಯವನ ಹಾಗೆ ಕಾಣ್ತಾನೆ. ಮೆತ್ತಗೆ ಮಾತಾಡೋರು ನಾಲ್ಕು ಜನ ಇದ್ದರೆ ನನ್ನ ಮಗಳಿಗೂ ಒಳ್ಳೇದು.

ಅಕ್ಕ

ಮಾರ್ಚ್ 5

ಅಕ್ಕಾ,

ಬಯ್ಯೋದಿದ್ದರೆ ಪೂರ್ತಿ ಓದಿ ಬಯ್ಯಿ. ಲಿಫ್ಟ್ ಓಡಿಸಿಬಿಟ್ಟೆ.

ಮನೆಮನೆಯವರು ಸಾಮಾನಿಗೆ ಕೈಲಾದಷ್ಟು ಹಾಕಿದರು, ಕೆಲಸ ನಂದು. ಮೊದಲ ಸಲ ಬಾಗಿಲು ತೆರೆದಾಗ ಆರನೇ ಮಹಡಿ ಅಜ್ಜಿಯನ್ನ ಕೂರಿಸಿ ಕೆಳಗೆ ತಂದೆ. ಗೇಟಿನ ಹತ್ತಿರ ಕುರ್ಚಿ ಹಾಕಿದರೆ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಪಾದ ಇಟ್ಟು ಕೂತರು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ" ಅಂದರು. ಜನ ಚಪ್ಪಾಳೆ ತಟ್ಟಿದರು. ಅಕ್ಕ, ನನ್ನ ಇಷ್ಟು ವಯಸ್ಸಿಗೆ ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಇದೇ ಮೊದಲು. ಈಗ ನಾನು ಲಿಫ್ಟ್ ಮಾಮ. ಅಂಗಡಿಯವನು ಕೂಡ ಹಾಗೇ ಕರೀತಾನೆ.

ಕಂಪನಿಗೆ ಹೊಟ್ಟೆ ಉರೀತು. ಮೋಟಾರು ಬಿಚ್ಚಿಕೊಂಡು ಹೋಗೋಕೆ ಹಗಲು ಹೊತ್ತಲ್ಲಿ ಜನ ಕಳಿಸಿದರು. ಅದಕ್ಕೂ ಉಪಾಯ ಮಾಡಿದ್ದೀನಿ. ನಮ್ಮ ಕಸುಬಲ್ಲಿ ಒಂದು ನಿಯಮ ಇದೆ. ಕೆಲಸಕ್ಕೆ ಇಳಿಯೋನು ಮೇನ್ ಸ್ವಿಚ್ ಆರಿಸಿ ತನ್ನ ಸ್ವಂತ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಬೇಕು. ಆ ಬೀಗ ಇದೆ ಅಂದರೆ ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ಅರ್ಥ. ಬೇರೆಯವರು ತೆಗೆದು ಸ್ವಿಚ್ ಹಾಕಿದರೆ ಒಳಗಿರೋನ ಕಥೆ ಮುಗೀತು. ಅದಕ್ಕೇ ಬೀಗ ಹಾಕಿದವನೇ ತೆಗೆಯಬೇಕು, ಕೀಲಿ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ. ನಾನು ಕೆಲಸಕ್ಕೆ ಹೋಗೋವಾಗ ನನ್ನ ಬೀಗ ಜಡಿದು ಹೋಗ್ತೀನಿ. ಅವರು ಕಳಿಸಿದವರೂ ಲಿಫ್ಟಿನ ಕೆಲಸದವರೇ ತಾನೇ, ಬೀಗ ನೋಡಿದರು, ಮುಟ್ಟದೆ ವಾಪಸ್ ಹೋದರು. ಎರಡು ಸಲ ಬಂದು ಎರಡು ಸಲವೂ ಹೋದರು.

ಹಾಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ನಾನಿದ್ದಾಗ ಲಿಫ್ಟ್ ಓಡುತ್ತೆ. ಹಗಲು ಮೋಟಾರಿಗೆ ವಿಶ್ರಾಂತಿ ಬೇಕು ಅಂತ ಜನಕ್ಕೆ ಹೇಳಿದ್ದೀನಿ. ಬೀಗದ ವಿಷಯ ಚಿನಕುರುಳಿಗೂ ಇನ್ಶೂರೆನ್ಸಿಗೂ ಮಾತ್ರ ಗೊತ್ತು. ಅವಳು ಇನ್ನೊಂದು ಕೀಲಿ ಕೊಡು ಅಂತ ತಲೆ ತಿಂತಾಳೆ. ನಿಯಮ ಅಂದರೆ ನಿಯಮ.

ಲಿಫ್ಟ್ ಮಾಮ

ಮಾರ್ಚ್ 17

ಬುಗುರಿ,

ಬಯ್ಯೋಣ ಅಂತಲೇ ಓದೋಕೆ ಶುರು ಮಾಡಿದೆ. ಅಜ್ಜಿ ಮಣ್ಣಿನ ಮೇಲೆ ಪಾದ ಇಟ್ಟರು ಅನ್ನೋ ಕಡೆ ಬಂದಾಗ ಕಣ್ಣು ಮಂಜಾಯ್ತು. ಅಮ್ಮ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ಅಂತೂ ನೀನು ಒಂದು ಕಡೆ ನಿಂತೆ.

ನಮ್ಮ ಚಿನಕುರುಳಿಯೂ ನನಗೆ ಕಾಗದ ಬರೆದಿದ್ದಾಳೆ. "ಮಾಮ ಕೀಲಿ ಕೊಡ್ತಿಲ್ಲ, ಹಗಲು ಹೊತ್ತು ಏನಾದರೂ ಆದರೆ ಏನು ಗತಿ, ನೀನಾದರೂ ಹೇಳು" ಅಂತ. ಕೀಲಿ ಅವಳ ಕೈಗೆ ಹೋದರೆ ಆ ಕಂಪನಿಯವರು ಬಂದಾಗ ಬೀಗ ತೆಗೆದು ನಿಂತು ಜಗಳಕ್ಕೇ ಇಳೀತಾಳೆ. ನಿನ್ನ ಭಾವ ಸ್ಟೂಲ್ ಎತ್ತಿದ ಹಾಗೆ ಇವಳು ಇನ್ನೇನು ಎತ್ತುತ್ತಾಳೋ. ಅದಕ್ಕೇ ಅವಳಿಗೆ ಖಡಾಖಂಡಿತವಾಗಿ ಬರೆದೆ, ದೊಡ್ಡವರು ಹೇಳಿದ ಹಾಗೆ ಕೇಳು, ಮಾಮನ ಕೀಲಿ ಮುಟ್ಟಬೇಡ ಅಂತ. ನೀನೂ ಕೊಡಬೇಡ.

ಅಕ್ಕ

ಏಪ್ರಿಲ್ 21

ಅಕ್ಕ,

ಇಷ್ಟು ದಿನ ಬರೆಯೋಕೆ ಆಗಲಿಲ್ಲ. ಆರನೇ ಮಹಡಿ ಅಜ್ಜಿ ಹೋದರು. ಮಧ್ಯಾಹ್ನ ಎದೆ ನೋವು ಬಂತಂತೆ. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ತರ್ತಿದ್ದಾಗ ನಾಲ್ಕನೇ ಮಹಡಿಯ ಹತ್ತಿರ ಪ್ರಾಣ ಹೋಯ್ತು. ನಾನು ಕೆಲಸದಲ್ಲಿದ್ದೆ.

ಕೊಂದಿದ್ದು ಕಂಪನಿ. ಇದನ್ನ ನೀನು ಸರಿಯಾಗಿ ಅರ್ಥ ಮಾಡ್ಕೋಬೇಕು. ಒಂದು ವರ್ಷ ಲಿಫ್ಟ್ ನಿಲ್ಲಿಸಿದವರು ಅವರು, ಮೋಟಾರು ಕೀಳೋಕೆ ಜನ ಕಳಿಸಿದವರು ಅವರು. ಇನ್ಶೂರೆನ್ಸ್ ಅವತ್ತು ರಾತ್ರಿ ಪೂರ್ತಿ ನನ್ನ ಜೊತೆ ಕೂತಿದ್ದ. "ಇದಕ್ಕೆ ನಮ್ಮಲ್ಲಿ ಯಾರೂ ಕಾರಣ ಅಲ್ಲ. ಹಾಗಂತ ಯಾರಾದರೂ ಯೋಚನೆ ಮಾಡಿದರೆ ಅದೂ ಕಂಪನಿಗೆ ಸಹಾಯ ಮಾಡಿದ ಹಾಗೆ" ಅಂದ. ಅವನು ಹೇಳೋವಾಗ ಎಲ್ಲ ನೇರವಾಗಿ ಕಾಣುತ್ತೆ. ಬೇರೆಯವರು ಮಾತಾಡಿದರೆ ತಲೆ ಗಿರ್ ಅನ್ನುತ್ತೆ.

ಸಂಘದವರು ಮೇಣದ ಬತ್ತಿ ಹಚ್ಚಿದರು, ಮನವಿ ಬರೆದರು. ಚಿನಕುರುಳಿ ಈಗ ಕಂಪನಿ ಜೊತೆ ಮಾತುಕತೆ ಆಗಲಿ ಅಂತಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕೂಗೋರ ಹಣೆಬರಹ ಇಷ್ಟೇ, ಕೂಗಿ ಆದಮೇಲೆ ಖಾಲಿ.

ತಮ್ಮ

ಏಪ್ರಿಲ್ 29

ಬುಗುರಿ,

ಅಜ್ಜಿಯ ವಿಷಯ ಓದಿ ಅವತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ತಾನು ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿ ಯಜಮಾನರ ಹತ್ತಿರ ಬೈಸಿಕೊಂಡೆ.

ನನಗೆ ಈಗ ಮಗಳದೇ ಭಯ. ಮಾತು ಬಿಟ್ಟಿದ್ದಾಳೆ ಅಂತೀಯ. ಅದೇ ಕಣೋ ಕೆಟ್ಟದ್ದು. ನಿನ್ನ ಭಾವನೂ ಆ ಸ್ಟೂಲ್ ಎತ್ತೋ ಮುಂಚೆ ಒಂದು ವಾರ ಮನೇಲಿ ತುಟಿ ಬಿಚ್ಚಿರಲಿಲ್ಲ. ಮಾತುಕತೆ ಅಂತ ಹೊರಗೆ ಹೇಳಿಕೊಂಡು ಒಳಗೆ ಏನು ಬೇಯಿಸ್ತಿದ್ದಾಳೋ. ಅವಳ ಬ್ಯಾಗು, ಅವಳ ಕಪಾಟು ಒಂದು ಸಲ ನೋಡು. ತಪ್ಪು ಅಂತ ಗೊತ್ತು, ಆದರೂ ನೋಡು.

ನೀನು ಸಮಾಧಾನದಿಂದ ಬರೆದಿದ್ದೀಯ, ಅದೊಂದೇ ನನಗೆ ಧೈರ್ಯ. ಮುಂಚಿನ ಹಾಗೆ ಹಾರಾಡದೆ ನಾಲ್ಕು ಸಾಲು ತೂಕವಾಗಿ ಬರೀತೀಯ. ನೀನು ಗಟ್ಟಿಯಾಗಿ ನಿಂತರೆ ಅವಳೂ ದಾರಿಗೆ ಬರ್ತಾಳೆ.

ಅಕ್ಕ

ಮೇ 15

ಅಕ್ಕ,

ಬ್ಯಾಗಲ್ಲಿ, ಕಪಾಟಲ್ಲಿ ಏನೂ ಇಲ್ಲ. ಅವಳ ಬಗ್ಗೆ ನೀನು ಚಿಂತೆ ಮಾಡಬೇಕಾಗಿಲ್ಲ. ಅವಳಿಂದ ಏನೂ ಆಗಲ್ಲ.

ನಾನು ಸಂಘ ಬಿಟ್ಟೆ. ನಾನು, ಇನ್ಶೂರೆನ್ಸ್, ಅವನ ಗೆಳೆಯನೊಬ್ಬ, ನಾವು ಮೂವರಿದ್ದೀವಿ, ಸಾಕು. ನನಗೆ ಈಗ ನಿದ್ದೆ ಬರುತ್ತೆ. ಇಷ್ಟು ವರ್ಷ ಯಾಕೆ ಒಂದು ಕಡೆ ನಿಲ್ಲೋಕೆ ಆಗ್ತಿರಲಿಲ್ಲ ಅಂತ ಈಗ ಗೊತ್ತಾಯ್ತು. ಏನು ಮಾಡಬೇಕು ಅಂತ ಗೊತ್ತಿಲ್ಲದೆ ತಿರುಗ್ತಿದ್ದೆ. ಗೊತ್ತಾದ ಮೇಲೆ ಮನಸ್ಸು ಅಲ್ಲಾಡಲ್ಲ. ಜನ ಆ ಕಡೆ ಈ ಕಡೆ ಎರಡೂ ನೋಡಬೇಕು ಅಂತಾರಲ್ಲ, ಅದು ಏನೂ ಮಾಡದೇ ಇರೋಕೆ ಒಂದು ನೆಪ.

ಕಂಪನಿಯ ಆಫೀಸು ಒಂಬತ್ತನೇ ಮಹಡಿಯಲ್ಲಿದೆ. ಆ ಕಟ್ಟಡದ ಲಿಫ್ಟ್ ಸರ್ವಿಸ್ ನಮ್ಮದೇ. ತಿಂಗಳ ಮೊದಲ ಬುಧವಾರ ನಾನೇ ಹೋಗ್ತೀನಿ. ಮಾಲೀಕ ಹನ್ನೊಂದಕ್ಕೆ ಬರ್ತಾನೆ. ಅಜ್ಜಿ ಇಳಿದ ಹಾಗೆ ಅವನೂ ಒಂದು ಸಲ ಇಳಿಯಲಿ. ಲಿಫ್ಟ್ ಸುಮ್ಮನೆ ಬೀಳಲ್ಲ, ಹಿಡಿಯೋಕೆ ಏರ್ಪಾಡಿರುತ್ತೆ. ಆ ಏರ್ಪಾಡು ಗೊತ್ತಿರೋನು ನಾನು. ಹೆಚ್ಚು ಕೇಳಬೇಡ.

ಇದನ್ನ ಯಾಕೆ ನಿನಗೆ ಬರೀತಿದ್ದೀನಿ ಅಂದರೆ, ಆಮೇಲೆ ಯಾರಾದರೂ ನಿನ್ನ ತಮ್ಮ ಕೋಪದಲ್ಲಿ ಮಾಡಿದ ಅಂತ ಹೇಳಬಾರದು. ನನಗೆ ಕೋಪ ಇಲ್ಲ.

ಮೇ 22

ತಮ್ಮಾ,

ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ನೆಟ್ಟಗಿರಲ್ಲ, ಓದಿಕೋ.

ನಿನ್ನ ಕಾಗದ ಬಂದ ದಿನವೇ ಮೂಲೆ ಅಂಗಡಿಯಿಂದ ಚಿನಕುರುಳಿಯ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನೀನು ಬರೆದಿದ್ದು ಅವಳಿಗೆ ಹೇಳಲಿಲ್ಲ. ಅಜ್ಜಿ ಸತ್ತ ದಿನ ಏನಾಯ್ತು ಅಂತ ಮಾತ್ರ ಕೇಳಿದೆ. ಎಲ್ಲ ಹೇಳಿದಳು.

ಅವತ್ತು ಕರೆಂಟ್ ಇತ್ತು, ಮೋಟಾರು ಸರಿಯಿತ್ತು. ಸ್ವಿಚ್ಚಿನ ಮೇಲೆ ಬೀಗ ಇತ್ತು. ಇವಳು ಕ್ಲಿನಿಕ್ಕಿಂದ ಓಡಿಬಂದು ಮೋಟಾರ್ ರೂಮಿಗೆ ಹತ್ತಿದಳು, ಬೀಗ ಒಡೆಯೋಕೆ ಕೈಗೆ ಏನೂ ಸಿಗಲಿಲ್ಲ, ನಿಮ್ಮ ಆಫೀಸಿಗೆ ಫೋನ್ ಮಾಡಿಸಿದರೆ ನೀನು ಯಾವ ಕಟ್ಟಡದಲ್ಲಿದ್ದೀಯ ಅಂತ ಅವರಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಅಳು ಕೇಳಿಸಿತು. ಅವಳು ಇಳಿದು ಬಂದು ಜನಕ್ಕೆ ಸ್ವಿಚ್ ಸುಟ್ಟುಹೋಗಿದೆ ಅಂದಳು. ಸಂಜೆ ನೀನು ಬರೋ ಮುಂಚೆ ಗರಗಸ ತಂದು ಬೀಗ ಕೊಯ್ದು ತೆಗೆದಳು. ಯಾರೂ ನಿನ್ನ ಕಡೆ ಬೆರಳು ತೋರಿಸಬಾರದು ಅಂತ. ನೀನು ಬಂದು ಮೊದಲು ನೋಡಿದ್ದೇ ಆ ಖಾಲಿ ಕೊಂಡಿಯನ್ನಂತೆ. ಅವಳು ಬಾಯಿ ಬಿಡಲಿಲ್ಲ, ನೀನೂ ಬಿಡಲಿಲ್ಲ. ಅವಳು ಮಾತು ಬಿಟ್ಟಿದ್ದು ಕೋಪಕ್ಕಲ್ಲ ಕಣೋ. ಮಾತು ಶುರು ಮಾಡಿದರೆ ಅದೇ ಬರುತ್ತೆ ಅನ್ನೋ ಭಯಕ್ಕೆ.

ಕಂಪನಿ ತಪ್ಪು ಮಾಡಿಲ್ಲ ಅಂತ ನಾನು ಹೇಳಲ್ಲ. ಆದರೆ ಆ ಬೀಗ ನಿನ್ನದು. ಕೀಲಿ ಕೊಡಬೇಡ ಅಂತ ಬರೆದವಳು ನಾನು. ಆ ಸಾವಲ್ಲಿ ನಮ್ಮಿಬ್ಬರ ಪಾಲೂ ಇದೆ. ಅದನ್ನ ಹೊರೋಕಾಗದೆ ನೀನು ಇನ್ನೊಬ್ಬನನ್ನ ಕೊಂದು ಲೆಕ್ಕ ಸರಿ ಮಾಡೋಕೆ ಹೊರಟಿದ್ದೀಯ. ಬೀಗದ ವಿಷಯ ಆ ಇನ್ಶೂರೆನ್ಸಿಗೂ ಗೊತ್ತಿತ್ತು ಅಂತ ನೀನೇ ಬರೆದಿದ್ದೆ. ಅವನು ಅವತ್ತು ರಾತ್ರಿ ನಿನ್ನ ಪಕ್ಕ ಯಾಕೆ ಕೂತಿದ್ದ ಅಂತ ಒಂದು ನಿಮಿಷ ಯೋಚನೆ ಮಾಡು.

ನಾನು ಎಂಥ ಕುರುಡಿ. ಅವಳ ಅಪ್ಪನ ಕಡೆಯ ಕೋಪವನ್ನೇ ಕಾಯ್ತಾ ಕೂತೆ, ನಮ್ಮ ಕಡೆಯದನ್ನ ನೋಡಲೇ ಇಲ್ಲ. ಕೂಗೋರ ಪಕ್ಕ ಹೋಗಿ ಅವರನ್ನ ಹಿಡಿದುಕೋಬಹುದು. ನೀನು ಕೂಗಲ್ಲ, ನಿನ್ನನ್ನ ಎಲ್ಲಿ ಅಂತ ಹಿಡೀಲಿ?

ಇನ್ನೊಂದು ವಿಷಯ. ಮಾತುಕತೆಗೆ ದಿನ ಗೊತ್ತಾಗಿದೆ. ಅದೇ ಬುಧವಾರ, ಹನ್ನೊಂದು ಗಂಟೆಗೆ. ಪೇಪರಿನವರು ಫೋಟೋ ತೆಗೀತಾರಂತೆ, ಅದಕ್ಕೆ ಮಾಲೀಕ ಕೆಳಗೇ ಬಂದು ಸಂಘದವರನ್ನ ತನ್ನ ಜೊತೆ ಲಿಫ್ಟಲ್ಲಿ ಕರೆದುಕೊಂಡು ಹೋಗ್ತಾನಂತೆ. ಅವರಲ್ಲಿ ನಮ್ಮ ಚಿನಕುರುಳಿಯೂ ಇದ್ದಾಳೆ. ಈಗಲಾದರೂ ಬಿಡು. ಎಲ್ಲ ಬಿಟ್ಟು ನನ್ನ ಹತ್ತಿರ ಬಾ. ಒಂದು ಸಾಲು ಬರಿ, ಬರ್ತೀನಿ ಅಂತ.

ನಿನ್ನ ಅಕ್ಕ

ಮೇ 29

ಅಕ್ಕ,

ದಿನ ಬದಲಾಯಿಸೋಕೆ ಆಗಲ್ಲ. ಜುಲೈಯಿಂದ ಸರ್ವಿಸ್ ಬೇರೆಯವನಿಗೆ ಹೋಗುತ್ತೆ.

ಅವಳಿಗೆ ಮೆಟ್ಟಿಲು ಹತ್ತಿಕೊಂಡು ಹೋಗೋಕೆ ಹೇಳು.

ಜೂನ್ 12

ತಮ್ಮಾ,

ಈ ಕಾಗದ ನಿನ್ನ ಕೈಗೆ ಕೊಡೋ ಮುಂಚೆ ಜೈಲಿನವರು ಓದ್ತಾರಂತೆ. ಓದಲಿ.

ಹೇಳಿದವಳು ನಾನು. ಚಿನಕುರುಳಿ ಅಲ್ಲ, ಸಂಘದವರಲ್ಲ. ನಿನ್ನ ಎರಡು ಸಾಲು ಓದಿ ಮೊದಲು ಅವಳಿಗೆ ಫೋನ್ ಮಾಡೋಕೆ ಎದ್ದೆ. ಲಿಫ್ಟ್ ಹತ್ತಬೇಡ ಅಂತ ಒಂದು ಮಾತು ಹೇಳಿದರೆ ಸಾಕಿತ್ತು, ನನ್ನ ಮಗಳೊಬ್ಬಳು ಉಳೀತಿದ್ದಳು. ಅಂಗಡಿವರೆಗೂ ಹೋದೆ. ಆಮೇಲೆ ಉಳಿದವರು ಕಣ್ಣ ಮುಂದೆ ಬಂದರು. ಸಭೇಲಿ ಅವಳಿಗೆ ಕಾನೂನು ತೋರಿಸಿದವರು, ಫೋಟೋ ತೆಗೆಯೋ ಹುಡುಗ, ಆ ಮಾಲೀಕ ಕೂಡ. ಅವನಿಗೂ ಯಾರೋ ಅಕ್ಕ ಇರಬಹುದು. ಬಸ್ಸು ಹತ್ತಿ ಬಂದು ಬುಧವಾರ ಬೆಳಿಗ್ಗೆ ನಿಮ್ಮ ಕಂಪನಿ ಬಾಗಿಲು ತೆಗೆಯೋ ಹೊತ್ತಿಗೆ ನಿಂತಿದ್ದೆ. ನಿನ್ನ ಸೂಪರ್‌ವೈಸರ್ ಕೈಗೆ ನಿನ್ನ ಕಾಗದಗಳನ್ನ ಕೊಟ್ಟೆ. ಅವರು ನನ್ನ ಮುಂದೆಯೇ ಪೊಲೀಸರಿಗೆ ಫೋನ್ ಮಾಡಿ ಓಡಿದರು, ಹನ್ನೊಂದಕ್ಕೆ ಮುಂಚೆಯೇ ಆ ಕಟ್ಟಡದಲ್ಲಿ ನಿನ್ನನ್ನ ಹಿಡಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ನಿನ್ನನ್ನ ಎತ್ತಿ ಆಡಿಸಿದ ಕೈ ಇದು. ಅದನ್ನೇ ನೋಡ್ತಾ ಕೂತಿದ್ದೆ.

ಮಗಳು ನನ್ನ ಮೇಲೆ ಕೂಗಾಡಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. "ನನಗೆ ಯಾಕೆ ಹೇಳಲಿಲ್ಲ? ನಾನು ಮಾಮನ ಕಾಲು ಹಿಡಿದು ಕೂರ್ತಿದ್ದೆ, ಪೊಲೀಸ್ ಯಾಕೆ ಬೇಕಿತ್ತು?" ಅಂತ. ನಿನ್ನನ್ನ ನಂಬಿ ಅವಳಿಗೆ ಕೀಲಿ ಮುಟ್ಟಬೇಡ ಅಂದೆ, ಅವಳನ್ನ ನಂಬದೆ ನಿನ್ನನ್ನ ಕಾವಲಿಗೆ ಕಳಿಸಿದೆ. ಬಟ್ಟೆ ಅಳೆಯೋಕೆ ಬರುತ್ತೆ ನನಗೆ, ಮನುಷ್ಯರನ್ನ ಅಳೆಯೋಕೆ ಬರಲಿಲ್ಲ. ಮಾರನೇ ದಿನ ಅವಳೇ ಸಂಘದ ಸಭೆ ಕರೆದು ಬೀಗದ ವಿಷಯ ಎಲ್ಲರ ಮುಂದೆ ಹೇಳಿದಳು, ತಾನು ಸುಳ್ಳು ಹೇಳಿದ್ದೂ ಸೇರಿಸಿ. ಕೆಲವರು ಎದ್ದು ಹೋದರು, ಕೆಲವರು ಉಗಿದರು. ಇವಳು ಕೂತು ಕೇಳಿಸಿಕೊಂಡಳು. ಆಮೇಲೆ ನಿನಗೆ ವಕೀಲರನ್ನ ಹುಡುಕೋಕೆ ಹೊರಟಳು.

ನಾನು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸ್ತಿಲ್ಲ. ಆದರೆ ದಿನಾ ನಿನಗೆ ಅಂತ ಊಟದ ಡಬ್ಬಿ ಕಟ್ಟಿ ಆಮೇಲೆ ಬಿಚ್ಚಿಡ್ತೀನಿ. ನೀನು ನನ್ನನ್ನ ಬಯ್ಯಿ, ಶಾಪ ಹಾಕು, ಏನಾದರೂ ಬರಿ. ಸುಮ್ಮನಿರಬೇಡ.

ಅಕ್ಕ

ಜುಲೈ 6

ಅಕ್ಕಾ,

ಇಲ್ಲಿ ಕೂತಲ್ಲಿ ಕೂರಬೇಕು. ಗೋಡೆಯಿಂದ ಗೋಡೆಗೆ ತಿರುಗ್ತೀನಿ, ಜೊತೆಯಲ್ಲಿರೋನು ನಿಂತುಕೊಳ್ಳಯ್ಯ, ತಲೆ ಸುತ್ತುತ್ತೆ ಅಂತಾನೆ. ಇನ್ಶೂರೆನ್ಸ್ ನನ್ನ ವಿರುದ್ಧ ಸಾಕ್ಷಿ ಹೇಳಿದ್ದಾನಂತೆ. ಮುಂಜಾಗ್ರತೆ ಅವನ ಕಸುಬು, ಆಶ್ಚರ್ಯ ಏನಿಲ್ಲ.

ನಿನ್ನನ್ನ ಬಯ್ಯೋಣ ಅಂತ ಮೂರು ಸಲ ಕಾಗದ ಹಿಡಿದೆ. ಬರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ನೆನಪಾಗೋದು ಅಜ್ಜಿಯ ಪಾದ. ಮುಂಚೆ ಮಾಲೀಕನ ಮುಖ ನೆನಪಾಗ್ತಿತ್ತು, ಅದೇ ಸುಲಭ ಇತ್ತು.

ಚಿನಕುರುಳಿ ಪ್ರತಿ ವಾರ ಬರ್ತಾಳೆ. ಕಂಬಿಯ ಆ ಕಡೆ ಕೂತು ಟೈಮ್ ಮುಗಿಯೋವರೆಗೂ ಬೈತಾಳೆ, ಕಾವಲಿನವನೂ ನಗ್ತಾನೆ. ಕಂಪನಿ ಜೊತೆ ಮಾತುಕತೆ ಇನ್ನೂ ಎಳೆದಾಡ್ತಾ ಇದೆಯಂತೆ, ಇವಳು ಎರಡು ಸಲ ಅವರ ಮೇಜು ಗುದ್ದಿದ್ದಾಳಂತೆ, ಎರಡು ಸಲವೂ ಕ್ಷಮೆ ಕೇಳಿದ್ದಾಳಂತೆ. ಹೋದ ವಾರ ಬಯ್ಯೋದು ನಿಲ್ಲಿಸಿ, "ಮಾಮ, ಸೂಪರ್‌ವೈಸರ್ ಬರದೇ ಇದ್ದಿದ್ದರೆ? ನಾನು ಲಿಫ್ಟ್ ಹತ್ತಿದ್ದು ನಿನಗೆ ಗೊತ್ತಾಗಿದ್ದಿದ್ದರೆ?" ಅಂತ ಕೇಳಿದಳು.

ನಿಲ್ಲಿಸ್ತಿದ್ದೆ ಕಣೇ ಅಂದೆ. ತಕ್ಷಣ ನಿಲ್ಲಿಸ್ತಿದ್ದೆ ಅಂದೆ. ಮೆಟ್ಟಿಲು ಹತ್ತಲಿ ಅಂತ ನಾನು ನಿನಗೆ ಬರೆದಿದ್ದ ಸಾಲು ಅವಳು ಓದಿಲ್ಲ, ನಂಬಿದಳು. ಕಣ್ಣು ಒರೆಸಿಕೊಂಡು, "ನನಗೆ ಗೊತ್ತಿತ್ತು" ಅಂದಳು. ಒಳ್ಳೇದನ್ನ ನಂಬೋಕೆ ಅವಳಿಗೆ ಹೆಚ್ಚು ಹೊತ್ತು ಬೇಕಾಗಲ್ಲ.

ನಿನಗೂ ಅದನ್ನೇ ಬರೆಯೋಣ ಅಂತ ಬೆಳಿಗ್ಗೆಯಿಂದ ಕೂತಿದ್ದೀನಿ ಅಕ್ಕ. ಬರೆಯೋಕೆ ಆಗ್ತಿಲ್ಲ. ಅವಳಿಗೆ ಹೇಳಬೇಡ.

ಬುಗುರಿ